ತಾಯಿ ಕಾರ್ಡಿನ ಖಾಲಿ ಪುಟ

ಹೊಸಪೇಟೆ ತಾಲ್ಲೂಕಿನ ಗಾದಿಗನೂರಿನಂಥ ಊರಿನಲ್ಲಿ ಯಾವ ಮನೆಗಾದರೂ ಹೋಗಿ ಕೂಸಿನ ಕಾಗದಪತ್ರ ತೋರಿಸಿ ಅನ್ನಿ. ಟ್ರಂಕಿನ ತಳದಿಂದಲೋ ದೇವರ ಗೂಡಿನ ಹಿಂದಿನಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ತಾಯಿ ಕಾರ್ಡು ಹೊರಗೆ ಬರುತ್ತದೆ. ಜತನವಾಗಿ ಇಟ್ಟಿರುತ್ತಾರೆ. ಲಸಿಕೆಯ ಪುಟದಲ್ಲಿ ಒಂದೊಂದು ಸೂಜಿಗೂ ತಾರೀಖು ಬಿದ್ದಿರುತ್ತದೆ. ಅದೇ ಕಾರ್ಡಿನಲ್ಲಿ ಇನ್ನೊಂದಷ್ಟು ಪುಟಗಳಿವೆ. ನಗುವ ಕೂಸು, ಗೋಣು ಎತ್ತಿದ ಕೂಸು, ಆಸರೆಯಿಲ್ಲದೆ ಕೂತ ಕೂಸು, ಬೆರಳು ತೋರಿಸುವ ಕೂಸು, ಹೀಗೆ ಚಿತ್ರಗಳು. ಪಕ್ಕದಲ್ಲಿ ಯಾವ ತಿಂಗಳಿಗೆ ಏನು ಎಂಬ ಬರಹ. ನಾನು ಕಂಡ ಕಾರ್ಡುಗಳಲ್ಲಿ ಬಹುಪಾಲು ಈ ಪುಟ ಖಾಲಿ. ಬರೆಯಬೇಕೆಂದು ತಾಯಿಗೆ ಯಾರೂ ಹೇಳಿರುವುದಿಲ್ಲ.

ಮಗುವನ್ನು ಮೊದಲ ಸಲ ಬೆಳವಣಿಗೆಯ ತಪಾಸಣೆಗೆ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ಯುವ ಸಿದ್ಧತೆಯ ಬಗ್ಗೆ ಹೇಳಬೇಕಾದ್ದೆಲ್ಲ ಈ ಖಾಲಿ ಪುಟದಿಂದಲೇ ಶುರುವಾಗುತ್ತದೆ. ಡಾಕ್ಟರಿಗೆ ಸಿಗುವುದು ಹತ್ತು ಹದಿನೈದು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಅಷ್ಟು ಹೊತ್ತಿನಲ್ಲಿ ಕೂಸು ಅತ್ತರೆ, ನಿದ್ದೆ ಹೋದರೆ, ಅಪರಿಚಿತರನ್ನು ಕಂಡು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ ಕಾಣುವುದು ಅಷ್ಟೇ. ಮನೆಯವರು ಅದೇ ಕೂಸನ್ನು ಹಗಲೂ ರಾತ್ರಿ ನೋಡಿರುತ್ತಾರೆ. ಮನೆ ಕಂಡದ್ದು ಡಾಕ್ಟರ ಕೋಣೆಯವರೆಗೆ ಕೆಡದೆ, ಕಳೆಯದೆ ತಲುಪಬೇಕು. ಸಿದ್ಧತೆ ಎಂದರೆ ನನ್ನ ಮಟ್ಟಿಗೆ ಇದೇ.

ನಮ್ಮ ಮನೆಗಳಿಗೆ ಇದು ಹೊಸ ವಿದ್ಯೆಯಲ್ಲ. ಗೋಣು ನಿಲ್ಲುವುದು, ಬೋರಲು ಬೀಳುವುದು, ತೆವಳುವುದು, ಅಂಬೆಗಾಲಿಡುವುದು, ಹೊಸ್ತಿಲು ದಾಟುವುದು, ತಪ್ಪುಹೆಜ್ಜೆ ಇಡುವುದು, ತೊದಲುವುದು: ಒಂದೊಂದು ಹಂತಕ್ಕೂ ಕನ್ನಡದಲ್ಲಿ ಬೇರೆ ಬೇರೆ ಮಾತಿದೆ. ಕೂಸು ಹೊಸ್ತಿಲು ದಾಟಿತೆಂದು ಸಿಹಿ ಮಾಡಿ ಓಣಿಗೆಲ್ಲ ಹಂಚಿದ ಅಜ್ಜಿಯರು ಮಗುವಿನ ಬೆಳವಣಿಗೆಯನ್ನು ಲೆಕ್ಕ ಇಟ್ಟವರೇ. ಡಾಕ್ಟರು ಕೇಳುವುದೂ ಬಹುಮಟ್ಟಿಗೆ ಇದನ್ನೇ. ಅದಕ್ಕೆ ಅವರು ಇನ್ನೂ ಕೆಲವನ್ನು ಸೇರಿಸುತ್ತಾರೆ: ಬೆರಳುಗಳ ಕೆಲಸ, ಮಾತನ್ನು ತಿಳಿದುಕೊಳ್ಳುವುದು, ಕಣ್ಣಿಗೆ ಕಣ್ಣು ಕೂಡಿಸುವುದು, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದು, ಆಟವಾಡುವ ಬಗೆ.

ಈ ಅಳತೆಗಳು ಎಲ್ಲಿಂದ ಬಂದವು ಎಂಬುದನ್ನು ತಾಯ್ತಂದೆ ಸ್ವಲ್ಪ ತಿಳಿದಿದ್ದರೆ ಭಯ ಕಡಿಮೆಯಾಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಗೆಸೆಲ್ 1920ರ ದಶಕದಲ್ಲಿ ಕೂಸುಗಳನ್ನು ಸಾಲಾಗಿ ಗಮನಿಸಿ ತಿಂಗಳುವಾರು ಪಟ್ಟಿ ಮಾಡಿದ. 1967ರಲ್ಲಿ ಡೆನ್ವರ್ ಪರೀಕ್ಷೆ ಬಂತು. ನಮ್ಮಲ್ಲಿ ಪ್ರಮೀಳಾ ಫಾಟಕ್ ಬರೋಡಾದ ಮಕ್ಕಳನ್ನು ನೋಡಿ ಭಾರತೀಯ ಕೂಸುಗಳಿಗೆ ಹೊಂದುವ ಮಾಪನ ರೂಪಿಸಿದರು. ಡಿ.ಎ.ಎಸ್.ಐ.ಐ. ಎಂಬ ಹೆಸರಿನ ಆ ಮಾಪನ ಎರಡೂವರೆ ವರ್ಷದವರೆಗಿನ ಮಕ್ಕಳಿಗೆ ಇವತ್ತಿಗೂ ಬಳಕೆಯಲ್ಲಿದೆ. 1991ರ ಹೊತ್ತಿಗೆ ತಿರುವನಂತಪುರದ ಮಕ್ಕಳ ಬೆಳವಣಿಗೆ ಕೇಂದ್ರದವರು 17 ಅಂಶಗಳ ಒಂದು ಚಾರ್ಟನ್ನು ತಂದರು. ಮಗುವಿನ ವಯಸ್ಸಿನ ಜಾಗದಲ್ಲಿ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಎಡಗಡೆ ಉಳಿದದ್ದನ್ನು ಮಗು ಮಾಡುತ್ತಿರಬೇಕು. ದೊಡ್ಡ ಸಲಕರಣೆಯೇನೂ ಬೇಡ. ಅಂಗನವಾಡಿಯ ಕಟ್ಟೆಯ ಮೇಲೆ ಕೂತೂ ಮಾಡಬಹುದಾದ ಇಂಥ ಉಪಾಯವೇ ನಮ್ಮ ಊರುಗಳಿಗೆ ಹೆಚ್ಚು ಒಗ್ಗುವುದು ಎಂಬುದು ನನ್ನ ಅನಿಸಿಕೆ.

ಇನ್ನೊಂದು ಲೆಕ್ಕ ಪ್ರತಿ ತಾಯಿಗೂ ಗೊತ್ತಿರಬೇಕು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ನೋಡಿ ಒಂದು ಅಂದಾಜು ಕೊಟ್ಟಿತು. ಆಸರೆಯಿಲ್ಲದೆ ನಡೆಯುವ ವಯಸ್ಸು ಸುಮಾರು 8 ತಿಂಗಳಿನಿಂದ ಹದಿನೇಳೂವರೆ ತಿಂಗಳ ತನಕ ಹರಡಿಕೊಂಡಿದೆ. ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳ ನಡುವೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನೇರ ಎದ್ದು ನಡೆದವು. ಪಕ್ಕದ ಮನೆಯ ಕೂಸು ಹನ್ನೊಂದಕ್ಕೇ ನಡೆಯಿತು, ನಮ್ಮದು ಹದಿನಾಲ್ಕಾದರೂ ಇಲ್ಲ ಎಂದು ಕಣ್ಣೀರಿಡುವ ತಾಯಿಗೆ ಇಷ್ಟು ಹೇಳಿದರೆ ಸಾಕು. ಹಾಗೆಯೇ ಹದಿನೆಂಟು ತಿಂಗಳಾದರೂ ನಡೆಯದ ಮಗುವಿನ ಮನೆಯವರಿಗೆ ‘ಏನಾಗಲ್ಲ ಬಿಡು’ ಅನ್ನುವವರಿಗೂ ಇದೇ ಲೆಕ್ಕವನ್ನು ತೋರಿಸಬೇಕು.

ತಿಂಗಳು ಎಣಿಸುವಾಗ ಬಹಳ ಜನ ತಪ್ಪುವ ಒಂದು ಕಡೆ ಇದೆ. ದಿನ ತುಂಬದೆ ಹುಟ್ಟಿದ ಮಗುವಿಗೆ ಹುಟ್ಟಿದ ತಾರೀಖಿನಿಂದ ಎಣಿಸಿದರೆ ಲೆಕ್ಕ ಕೆಡುತ್ತದೆ. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿಗೆ ಈಗ ಹತ್ತು ತಿಂಗಳಾಗಿದ್ದರೆ, ಅದನ್ನು ಎಂಟು ತಿಂಗಳ ಕೂಸೆಂದೇ ನೋಡಬೇಕು. ಎರಡು ವರ್ಷದವರೆಗೂ ಹೀಗೆ. ಆದ್ದರಿಂದ ಹುಟ್ಟಿದ ತಾರೀಖಿನ ಜೊತೆ ಡಾಕ್ಟರು ಕೊಟ್ಟಿದ್ದ ಹೆರಿಗೆಯ ಅಂದಾಜು ತಾರೀಖನ್ನೂ ಒಯ್ಯಬೇಕು. ಅದೂ ತಾಯಿ ಕಾರ್ಡಿನಲ್ಲೇ ಇದೆ.

‘ಯಾವಾಗ ಕೂತ?’ ಎಂಬ ಪ್ರಶ್ನೆಗೆ ತಾರೀಖು ನೆನಪಿಲ್ಲ ಎಂದು ನಾಚಿಕೊಳ್ಳುವುದು ಬೇಡ. ನಮ್ಮ ಜನರ ನೆನಪು ಕ್ಯಾಲೆಂಡರಿಗೆ ಅಂಟಿಕೊಂಡಿಲ್ಲ. ಅದು ಜಾತ್ರೆಗೆ, ಕಾಲುವೆಗೆ, ಕಬ್ಬಿನ ಕಟಾವಿಗೆ ಅಂಟಿಕೊಂಡಿದೆ. ಹಂಪಿ ವಿರೂಪಾಕ್ಷನ ತೇರಿನ ಹೊತ್ತಿಗೆ ಗೋಣು ನಿಂತಿತ್ತೇ? ಕಾಲುವೆಗೆ ನೀರು ಬಿಟ್ಟಾಗ ಕೂರುತ್ತಿತ್ತೇ? ಮೈಲಾರದ ಕಾರಣಿಕಕ್ಕೆ ಹೋದಾಗ ಎತ್ತಿಕೊಂಡೇ ಹೋಗಿದ್ದಿರೋ, ಕೈಹಿಡಿದು ನಡೆಸಿದಿರೋ? ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದ ರಾತ್ರಿಯನ್ನು ಹೊಸಪೇಟೆ, ಕಂಪ್ಲಿ ಕಡೆಯ ಯಾರೂ ಮರೆತಿಲ್ಲ. ಅದು 2024ರ ಆಗಸ್ಟ್ 10. ಆ ವಾರ ಊರೆಲ್ಲ ನದಿಯ ಮಾತೇ ಆಡುತ್ತಿದ್ದಾಗ ನಿಮ್ಮ ಕೂಸು ಏನು ಮಾಡುತ್ತಿತ್ತು ಎಂದು ಕೇಳಿದರೆ ಅಜ್ಜಿಗೆ ತಟ್ಟನೆ ನೆನಪಾಗುತ್ತದೆ. ಹೀಗೆ ನೆನಪನ್ನು ಕೆದಕಿ, ಮನೆಯವರೆಲ್ಲ ಒಂದು ಸಂಜೆ ಕೂತು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಫೋನಿನಲ್ಲಿರುವ ಹಳೆಯ ಫೋಟೊಗಳ ತಾರೀಖು ನೋಡಿದರೆ ಇನ್ನೂ ಖಚಿತ. ಓದು ಬರಹ ಬಾರದ ಮನೆಯಲ್ಲಿ ಅಕ್ಕನ ಮಗ ಬರೆದುಕೊಡಲಿ, ಅಂಗನವಾಡಿ ಟೀಚರ್ ಬರೆದುಕೊಡಲಿ.

ಆ ಹಾಳೆಯಲ್ಲಿ ಇನ್ನೂ ಕೆಲವು ಸಂಗತಿ ಬೇಕು. ಹುಟ್ಟಿದ ತಕ್ಷಣ ಅತ್ತಿತೇ, ತೂಕ ಎಷ್ಟಿತ್ತು, ಕಾಮಾಲೆ ಜೋರಾಗಿ ಬೆಳಕಿನ ಕೆಳಗೆ ಇಟ್ಟಿದ್ದರೇ, ನವಜಾತ ಶಿಶುಗಳ ಘಟಕದಲ್ಲಿ ಎಷ್ಟು ದಿನ ಇತ್ತು, ಫಿಟ್ಸ್ ಬಂದಿತ್ತೇ, ಥೈರಾಯಿಡ್ ಪರೀಕ್ಷೆ ಆಗಿದೆಯೇ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಥೈರಾಯಿಡ್ ಕೊರತೆಯನ್ನು ಎಳವೆಯಲ್ಲೇ ಕಂಡು ಮಾತ್ರೆ ಕೊಟ್ಟರೆ ಬುದ್ಧಿಯ ಬೆಳವಣಿಗೆ ಉಳಿಯುತ್ತದೆ. ತಡವಾದರೆ ಕಳೆದದ್ದು ಮರಳುವುದಿಲ್ಲ. ರಕ್ತಹೀನತೆಯೂ ಸಣ್ಣ ಮಾತಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಅದು ಇದೆ, ಮತ್ತು ರಕ್ತವಿಲ್ಲದ ಮಗು ಮಂಕಾಗಿ, ಆಟದಲ್ಲಿ ಹಿಂದೆ ಬೀಳುತ್ತದೆ.

ಕಿವಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಗಾದಿಗನೂರು ರೈಲು ದಾರಿಯ ಊರು. ಹೊಸಪೇಟೆಗೂ ತೋರಣಗಲ್ಲಿಗೂ ನಡುವೆ ಅದಿರು ಹೊತ್ತ ಗೂಡ್ಸ್ ಗಾಡಿಗಳು ಓಡಾಡುತ್ತಲೇ ಇರುತ್ತವೆ. ‘ಕಿವಿ ಚೆನ್ನಾಗಿ ಕೇಳಿಸುತ್ತೆ ಡಾಕ್ಟ್ರೇ, ಗಾಡಿ ಬಂದರೆ ತಿರುಗಿ ನೋಡುತ್ತೆ’ ಎಂಬ ಮಾತು ಇಂಥ ಊರುಗಳಿಂದ ಬರುವುದು ಸಹಜ. ಗೂಡ್ಸ್ ಗಾಡಿ ಹೋಗುವಾಗ ನೆಲ ನಡುಗುತ್ತದೆ, ಪಾತ್ರೆ ಅದುರುತ್ತದೆ, ಮನೆಯವರ ಮುಖವೂ ಆ ಕಡೆ ತಿರುಗುತ್ತದೆ. ಕಿವಿ ಕೇಳದ ಕೂಸೂ ಇದಕ್ಕೆಲ್ಲ ತಿರುಗಬಲ್ಲದು. ತಟ್ಟೆ ಬಡಿದು ನೋಡುವುದೂ ಅಷ್ಟೇ: ದೊಡ್ಡ, ದಪ್ಪ ಸದ್ದು ಕೇಳುವ ಕಿವಿಗೆ ಮಾತಿನ ಸಣ್ಣ ಸದ್ದುಗಳು, ಸ ಶ ತ ಕ, ಕೇಳದೆ ಹೋಗಿರಬಹುದು. ಕೂಸಿನ ಬೆನ್ನ ಹಿಂದೆ, ನೆರಳು ಬೀಳದ ಹಾಗೆ ನಿಂತು, ಮೆಲ್ಲಗೆ ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ ಎಂಬುದನ್ನು ಬೇರೆ ಬೇರೆ ದಿನ ನೋಡಿ ಬರೆದುಕೊಳ್ಳಿ. ಅದು ಕೂಡ ಪರೀಕ್ಷೆಗೆ ಬದಲಿಯಲ್ಲ. ಮಾತು ತಡವಾದ ಯಾವ ಮಗುವಿಗೂ ಯಂತ್ರದ ಮೂಲಕ ಕಿವಿಯ ಪರೀಕ್ಷೆ ಆಗಲೇಬೇಕು, ಓ.ಎ.ಇ., ಬೇರಾ ಎಂಬ ಹೆಸರುಗಳನ್ನು ಕೇಳಿರುತ್ತೀರಿ. ಸೂಜಿಯಿಲ್ಲ, ನೋವಿಲ್ಲ, ಬೇರಾ ಪರೀಕ್ಷೆಗೆ ಮಗು ನಿದ್ದೆಯಲ್ಲಿದ್ದರೆ ಸಾಕು. ಹುಟ್ಟಿ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಉಪಚಾರ ಎಂಬುದು ಜಗತ್ತೇ ಒಪ್ಪಿದ ನಿಯಮ. ಈ ವಿದ್ಯೆಯ ದೊಡ್ಡ ಮನೆ ನಮ್ಮ ರಾಜ್ಯದಲ್ಲೇ ಇದೆ: ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, 1965ರಿಂದ. ಹಾಗಿದ್ದೂ ಮೂರು, ನಾಲ್ಕು ವರ್ಷಕ್ಕೆ ‘ಮೂಕ’ ಅನ್ನಿಸಿಕೊಂಡು ಬರುವ ಮಕ್ಕಳು ಈಗಲೂ ಇದ್ದಾರೆ ಎಂಬುದು ನನಗೆ ಬಹಳ ನೋವು ಕೊಡುವ ಸಂಗತಿ.

ಮಾತು ಬರಲಿ ಎಂದು ಬಜೆ ತೇಯ್ದು ನಾಲಗೆಗೆ ಹಚ್ಚುವ ಮನೆಗಳಿವೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಮಾತು ನಾಲಗೆಯ ತುದಿಯಲ್ಲಿ ಹುಟ್ಟುವುದಲ್ಲ. ಕಿವಿ, ಮಿದುಳು, ಮನೆಯವರ ಜೊತೆಗಿನ ಆಟ ಇವೆಲ್ಲ ಸೇರಿ ಹುಟ್ಟಿಸುವುದು. ಬಜೆ ಹಚ್ಚಿದ್ದನ್ನು ಡಾಕ್ಟರಿಗೆ ಹೇಳಲು ಹಿಂಜರಿಯಬೇಡಿ, ಹಚ್ಚಿದ್ದೇವಲ್ಲ ಎಂದು ಆರು ತಿಂಗಳು ಕಾಯಲೂಬೇಡಿ. ಬಜೆಯ ಜೊತೆಗಾದರೂ ಸರಿ, ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಮಾತ್ರ ನೆಕ್ಕಿಸಲೇಬಾರದು.

ಭಾಷೆಯ ಮಾತಿಗೆ ಬಂದರೆ ಈ ಸೀಮೆಯ ಸ್ಥಿತಿ ವಿಶೇಷ. ತಾಂಡಾಗಳಲ್ಲಿ ಲಂಬಾಣಿ ಮಾತು, ಹೊಸಪೇಟೆಯ ಎಷ್ಟೋ ಓಣಿಗಳಲ್ಲಿ ಉರ್ದು, ಕಂಪ್ಲಿ, ಸಿರುಗುಪ್ಪ ಕಡೆ ತೆಲುಗು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತ ಉತ್ತರದಿಂದ ಬಂದವರ ಹಿಂದಿ. ಡಾಕ್ಟರು ಕನ್ನಡದಲ್ಲಿ ‘ಮೂಗು ಎಲ್ಲಿ ತೋರಿಸು’ ಎಂದರೆ ಲಂಬಾಣಿ ಮನೆಯ ಮಗು ಸುಮ್ಮನೆ ನೋಡಬಹುದು. ಆ ಮಗುವಿಗೆ ಮೂಗು ಗೊತ್ತಿದೆ, ಆ ಮಾತು ಗೊತ್ತಿಲ್ಲ. ಮನೆಯಲ್ಲಿ ಯಾವ ಮಾತು, ಅಜ್ಜಿ ಯಾವ ಮಾತು, ಆಡುವ ಮಕ್ಕಳು ಯಾವ ಮಾತು ಎಂಬುದನ್ನು ಮೊದಲೇ ಹೇಳಬೇಕು. ಮಗು ಹೇಳುವ ಪದಗಳನ್ನು ಎಲ್ಲ ಭಾಷೆಗಳಿಂದಲೂ ಕೂಡಿಸಿ ಎಣಿಸಬೇಕು. ಎರಡು ಮೂರು ಭಾಷೆ ಕೇಳಿದರೆ ಮಾತು ತಡವಾಗುತ್ತದೆ, ಒಂದೇ ಭಾಷೆ ಆಡಿ ಎಂಬ ಸಲಹೆಯನ್ನು ಕೆಲವರು ಇನ್ನೂ ಕೊಡುತ್ತಾರೆ, ಅದಕ್ಕೆ ಆಧಾರವಿಲ್ಲ. ಅಜ್ಜಿಯ ಭಾಷೆಯನ್ನು ಕೂಸಿನಿಂದ ಕಿತ್ತುಕೊಳ್ಳುವುದು ಬೇಡ.

ಹೋಗುವ ದಿನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಿದ್ದೆಯಾಗಿ, ಹೊಟ್ಟೆ ತುಂಬಿರುವ ಹೊತ್ತನ್ನೇ ಆರಿಸಿಕೊಳ್ಳಿ, ಜ್ವರವಿದ್ದರೆ ಮುಂದೂಡಿ. ಇಷ್ಟದ ಆಟಿಕೆ, ಒಂದಿಷ್ಟು ತಿಂಡಿ, ಮನೆಯಲ್ಲಿ ಹಾಕುವ ಬಟ್ಟೆ ಇರಲಿ. ಹೊಸ ಶೂ ತೊಡಿಸಿದರೆ ನಡಿಗೆ ಕಾಣುವುದಿಲ್ಲ. ಫೋನಿನಲ್ಲಿ ಅರ್ಧ ಅರ್ಧ ನಿಮಿಷದ ಮೂರು ನಾಲ್ಕು ವಿಡಿಯೊ ಇರಲಿ: ಊಟ ಮಾಡುವುದು, ಒಂಟಿಯಾಗಿ ಆಡುವುದು, ಹೆಸರು ಕರೆದಾಗ ಏನು ಮಾಡುತ್ತದೆ, ನಿಮಗೆ ವಿಚಿತ್ರ ಅನ್ನಿಸಿದ ಯಾವುದಾದರೂ ಚಲನೆ. ಫಿಟ್ಸ್ ಹೌದೋ ಅಲ್ಲವೋ ಎಂದು ಮಾತಿನಲ್ಲಿ ಹೇಳಿದ್ದಕ್ಕಿಂತ ಇಪ್ಪತ್ತು ಸೆಕೆಂಡಿನ ವಿಡಿಯೊ ಹೆಚ್ಚು ಹೇಳುತ್ತದೆ. ಆದರೆ ಕಾಯುವ ಹೊತ್ತಿನಲ್ಲಿ ಅದೇ ಫೋನನ್ನು ಮಗುವಿನ ಕೈಗೆ ಕೊಡಬೇಡಿ. ಕಸಿದುಕೊಂಡಾಗ ಹುಟ್ಟುವ ಅಳುವಿನಲ್ಲಿ ತಪಾಸಣೆ ಮುಳುಗಿಹೋಗುತ್ತದೆ.

ಮಗುವಿಗೆ ಪಾಠ ಹೇಳಿಕೊಟ್ಟು ಕರೆದುಕೊಂಡು ಹೋಗುವುದು ತಪ್ಪು. ಡಾಕ್ಟರು ಮೇಜಿನ ಮೇಲೆ ಚೌಕದ ಕಟ್ಟಿಗೆ ತುಂಡುಗಳನ್ನಿಟ್ಟು ‘ಒಂದರ ಮೇಲೊಂದು ಇಡು’ ಅನ್ನುತ್ತಾರೆ, ಸಣ್ಣ ಕಾಳನ್ನಿಟ್ಟು ಯಾವ ಬೆರಳಿನಿಂದ ಎತ್ತುತ್ತದೆ ನೋಡುತ್ತಾರೆ, ಚೆಂಡು ಉರುಳಿಸುತ್ತಾರೆ, ತಲೆಯ ಸುತ್ತಳತೆ ತೆಗೆಯುತ್ತಾರೆ. ಇದು ಪಾಸು ನಪಾಸಿನ ಪರೀಕ್ಷೆಯಲ್ಲ. ಮಗುವಿಗೆ ಏನು ಬರುವುದಿಲ್ಲ ಎಂಬುದೇ ಅವರಿಗೆ ಕಾಣಬೇಕಾಗಿದೆ. ಕೈಹಿಡಿದು ಮಾಡಿಸಿದರೆ ಅದು ಮುಚ್ಚಿಹೋಗುತ್ತದೆ. ಮನೆಯಲ್ಲಿ ಮಾಡುತ್ತದೆ, ಇಲ್ಲಿ ಮಾಡಲಿಲ್ಲ ಎಂದಾದರೆ ಅಷ್ಟನ್ನು ಹೇಳಿ. ಒಳ್ಳೆಯ ಡಾಕ್ಟರು ಅದನ್ನೂ ಬರೆದುಕೊಳ್ಳುತ್ತಾರೆ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡಿದ್ದರೆ ‘ಎಡಚ’ ಎಂದು ಸುಮ್ಮನಾಗಬೇಡಿ. ಆ ವಯಸ್ಸಿಗೆ ಎರಡೂ ಕೈ ಸಮನಾಗಿ ಆಡಬೇಕು.

ಇನ್ನು ಕಷ್ಟದ ಭಾಗ. ಆ ಕೋಣೆಯಲ್ಲಿ ತಾಯಿ ಎಷ್ಟೋ ಸಲ ಕಟಕಟೆಯಲ್ಲಿ ನಿಂತವಳ ಹಾಗೆ ಕೂತಿರುತ್ತಾಳೆ. ಗ್ರಹಣದ ಹೊತ್ತು ಹೊರಗೆ ಬಂದಳಂತೆ, ಬಸಿರಿನಲ್ಲಿ ಸರಿಯಾಗಿ ಉಣ್ಣಲಿಲ್ಲವಂತೆ, ಫೋನು ನೋಡುತ್ತ ಮಗುವನ್ನು ಬಿಟ್ಟಳಂತೆ ಎಂದು ಮನೆಯಲ್ಲಿ ಕೇಳಿ ಕೇಳಿ ದಣಿದಿರುತ್ತಾಳೆ. ಹಿಂದೆ ಅತ್ತೆ ನಿಂತಿದ್ದರೆ ಇಳಿದುಹೋದ ಬಸಿರು, ತವರಿನಲ್ಲಿದ್ದ ಕಿವುಡ ಅಣ್ಣ ಯಾವುದೂ ಬಾಯಿಗೆ ಬರುವುದಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿದ್ದೀರಾ ಎಂದು ಡಾಕ್ಟರು ಕೇಳಿದಾಗ ಅವಮಾನವೆಂದುಕೊಳ್ಳುವವರಿದ್ದಾರೆ. ನಮ್ಮ ಕಡೆ ಸಂಬಂಧದಲ್ಲೇ ಮದುವೆ ಸಾಮಾನ್ಯ. ರಕ್ತಸಂಬಂಧದಲ್ಲಿ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚು, ಅದನ್ನು ಹುಡುಕಲು ಆ ಪ್ರಶ್ನೆ. ಯಾರನ್ನೂ ದೂರಲು ಅಲ್ಲ. ತಾಯಿಗೆ ಎರಡು ನಿಮಿಷ ಡಾಕ್ಟರ ಜೊತೆ ಒಬ್ಬಳೇ ಮಾತಾಡಬೇಕೆನಿಸಿದರೆ ಕೇಳಬಹುದು, ಕೇಳಬೇಕು. ಅಪ್ಪನೂ ಬರಬೇಕು. ಕಾರ್ಖಾನೆಯಲ್ಲಿ, ಗಣಿಯಲ್ಲಿ ಶಿಫ್ಟಿನ ಕೆಲಸವಿದ್ದವರು ವಾರದ ರಜೆಯ ದಿನವನ್ನೇ ಇದಕ್ಕೆ ಇಟ್ಟುಕೊಳ್ಳಲಿ. ಅಪ್ಪ ಕೇಳಿಸಿಕೊಂಡ ಮಾತು ಮನೆಗೆ ಹೋದಮೇಲೆ ತಾಯಿಯ ಮೇಲಿನ ಆರೋಪವಾಗಿ ತಿರುಗುವುದು ಕಡಿಮೆ.

ಎಲ್ಲಿಗೆ ಹೋಗುವುದು? ಗಾದಿಗನೂರು ವಿಜಯನಗರ ಜಿಲ್ಲೆಯ ಹೊಸಪೇಟೆ ತಾಲ್ಲೂಕಿನ ಊರು. ಹೆದ್ದಾರಿಯಲ್ಲಿ ಮುಂದೆ ಸಿಗುವ ತೋರಣಗಲ್ಲು ಸಂಡೂರು ತಾಲ್ಲೂಕು, ಬಳ್ಳಾರಿ ಜಿಲ್ಲೆ. 2021ರಲ್ಲಿ ಜಿಲ್ಲೆ ಬೇರೆಯಾದರೂ ದೊಡ್ಡ ಆಸ್ಪತ್ರೆ ಎಂದರೆ ಈ ಜನಕ್ಕೆ ಬಳ್ಳಾರಿಯೇ, 1961ರಲ್ಲಿ ಶುರುವಾದ, ಎಲ್ಲರ ಬಾಯಲ್ಲೂ ವಿಮ್ಸ್ ಆದ ವೈದ್ಯಕೀಯ ಕಾಲೇಜು. ಆದರೆ ಮೊದಲ ಬಾಗಿಲು ಇನ್ನೂ ಹತ್ತಿರದಲ್ಲಿದೆ. ಕೂಸಿಗೆ 3, 6, 9, 12, 15 ತಿಂಗಳಾದಾಗ ಆಶಾ ಕಾರ್ಯಕರ್ತೆ ಮನೆಗೆ ಬಂದು ನೋಡಬೇಕೆಂಬುದು ನಿಯಮ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ. ಅವರು ನೋಡುವ ಮೂವತ್ತು ತೊಂದರೆಗಳಲ್ಲಿ ಬೆಳವಣಿಗೆಯ ವಿಳಂಬವೂ ಒಂದು ಭಾಗ. ಸಂಶಯ ಬಂದ ಮಗುವನ್ನು ಜಿಲ್ಲೆಯ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿ ಮಕ್ಕಳ ವೈದ್ಯರು, ಫಿಸಿಯೋಥೆರಪಿಸ್ಟ್, ಮಾತಿನ ತಜ್ಞರು, ಮನಶ್ಶಾಸ್ತ್ರಜ್ಞರು ಒಂದೇ ಸೂರಿನಡಿ ಇರಬೇಕೆಂಬುದು ಯೋಜನೆಯ ಆಶಯ. ಕಬ್ಬು ಕಡಿಯಲು ತಿಂಗಳುಗಟ್ಟಲೆ ಊರು ಬಿಡುವ ತಾಂಡಾದ ಕುಟುಂಬಗಳು ಈ ಭೇಟಿಗಳಿಂದ ತಪ್ಪಿಹೋಗುತ್ತವೆ. ಅವರು ಮರಳಿದ ವಾರವೇ ಆ ಮಕ್ಕಳನ್ನು ನೋಡುವ ಏರ್ಪಾಡು ಆಗಬೇಕು. ಇದನ್ನು ಗ್ರಾಮ ಪಂಚಾಯಿತಿಗಳು ಕೇಳಿ ಪಡೆಯಬೇಕು.

ತೊಂದರೆ ಎಲ್ಲೋ ಅಪರೂಪಕ್ಕೆ ಎಂದು ತಿಳಿಯಬಾರದು. ದೇಶದ ಐದು ಕಡೆ 2ರಿಂದ 9 ವರ್ಷದ ಮಕ್ಕಳನ್ನು ನೋಡಿ 2018ರಲ್ಲಿ ಪ್ರಕಟವಾದ ಇನ್‌ಕ್ಲೆನ್ ಅಧ್ಯಯನದಲ್ಲಿ ಹೆಚ್ಚುಕಡಿಮೆ ಎಂಟು ಮಕ್ಕಳಲ್ಲಿ ಒಬ್ಬರಿಗೆ ಕಿವಿ, ಕಣ್ಣು, ಮಾತು, ಮೂರ್ಛೆ, ಆಟಿಸಂ, ಕಲಿಕೆ ಇವುಗಳಲ್ಲಿ ಯಾವುದಾದರೊಂದು ತೊಡಕು ಕಂಡಿತ್ತು. ಅಂಗನವಾಡಿಯ ಚಾಪೆಯ ಮೇಲೆ ಇಪ್ಪತ್ತು ಮಕ್ಕಳು ಕೂತಿದ್ದರೆ ಅವರಲ್ಲಿ ಇಬ್ಬರೋ ಮೂವರೋ.

ಕೊನೆಗೆ ಡಾಕ್ಟರು ಹೇಳುವ ಮಾತು. ಮೊದಲ ಭೇಟಿಯಲ್ಲಿ ಸಿಗುವುದು ಸಾಮಾನ್ಯವಾಗಿ ಹೆಸರಲ್ಲ, ದಾರಿ: ಈ ಪರೀಕ್ಷೆ ಮಾಡಿಸಿ, ಇವರನ್ನು ನೋಡಿ, ಮನೆಯಲ್ಲಿ ಹೀಗೆ ಆಡಿಸಿ, ಇಂಥ ತಿಂಗಳಿಗೆ ಮತ್ತೆ ಬನ್ನಿ. ‘ಕಾದು ನೋಡೋಣ’ ಎಂದರೆ ಸುಮ್ಮನೆ ತಲೆಯಾಡಿಸಬೇಡಿ. ಯಾವ ತಾರೀಖಿನವರೆಗೆ ಕಾಯಬೇಕು, ಅಷ್ಟರಲ್ಲಿ ಏನು ಕಾಣಬೇಕು, ಕಾಣದಿದ್ದರೆ ಎಲ್ಲಿಗೆ ಹೋಗಬೇಕು ಎಂದು ಕೇಳಿ ಬರೆಸಿಕೊಳ್ಳಿ. ತಾರೀಖಿಲ್ಲದ ಕಾಯುವಿಕೆಯಲ್ಲಿ ಮಕ್ಕಳ ಎಷ್ಟೋ ವರ್ಷಗಳು ಹೋಗಿವೆ. ಕೆಲವು ಚಿಹ್ನೆಗಳಿಗಂತೂ ಒಂದು ದಿನವೂ ಕಾಯಬಾರದು: ವರ್ಷವಾದರೂ ಬೆರಳು ತೋರಿಸುವುದಿಲ್ಲ, ತೊದಲುವುದಿಲ್ಲ; ಒಂದೂಕಾಲು ಒಂದೂವರೆ ವರ್ಷವಾದರೂ ಒಂದು ಮಾತಿಲ್ಲ; ಎರಡಾದರೂ ‘ಅಮ್ಮ ಬಾ’ ಎಂದು ಎರಡು ಪದ ಕೂಡಿಸುವುದಿಲ್ಲ; ಎಲ್ಲಕ್ಕಿಂತ ಹೆಚ್ಚಾಗಿ, ಬರುತ್ತಿದ್ದ ಮಾತು ನಿಂತಿದೆ, ನಗುತ್ತಿದ್ದ ಕೂಸು ನಗುತ್ತಿಲ್ಲ.

ಮುಂದೆ ಅಂಗವೈಕಲ್ಯವೆಂದು ಗುರುತಾದರೆ ದಾರಿ ಮುಚ್ಚಿತು ಎಂದೇನಿಲ್ಲ. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಒಪ್ಪಿದೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅದರಲ್ಲಿ ಸೇರಿವೆ. ಅಂಗವೈಕಲ್ಯದ ಗುರುತಿಗೆ ಕೊಡುವ ಯು.ಡಿ.ಐ.ಡಿ. ಕಾರ್ಡು, ಪಿಂಚಣಿ, ಶಾಲೆಯ ಹಕ್ಕು ಎಲ್ಲದಕ್ಕೂ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ತುಂಬಲು ಸಹಾಯ ಮಾಡಬೇಕು. ಅದು ಅವರ ಕೆಲಸ.

ಅದೆಲ್ಲ ಮುಂದಿನ ಮಾತು. ಈಗ ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಇವತ್ತು ಸಂಜೆ ಟ್ರಂಕಿನಿಂದ ತಾಯಿ ಕಾರ್ಡು ತೆಗೆಯಿರಿ, ಆ ಚಿತ್ರಗಳ ಪುಟವನ್ನು ಅಜ್ಜಿಯ ಮುಂದೆ ಹಿಡಿಯಿರಿ, ಕೂಸು ಮಾಡಿದ್ದಕ್ಕೆಲ್ಲ ತಾರೀಖು ಹಾಕಿ. ಮುಂದಿನ ಸಲ ಆಶಾ ಅಕ್ಕ ಬಂದಾಗ ಲಸಿಕೆಯ ಪುಟಕ್ಕಿಂತ ಮೊದಲು ಅದನ್ನೇ ತೆರೆದು ತೋರಿಸಿ.